ಡ್ರಿಪ್ ಕೀಮೋಗೆ ಹಣ ಕೊಡುವ ವಿಮೆ ಕ್ಯಾನ್ಸರ್ ಮಾತ್ರೆಗೆ ಏಕೆ ಕೊಡುವುದಿಲ್ಲ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ತಾಯಿಯವರಿಗೆ ಶ್ವಾಸಕೋಶದ ಕ್ಯಾನ್ಸರ್. ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಬದಲಾವಣೆ ಇದೆಯೇ ಎಂದು ನೋಡುವ ಪರೀಕ್ಷೆ ಪಾಸಿಟಿವ್ ಬಂದಿದ್ದರಿಂದ ವೈದ್ಯರು ಓಸಿಮರ್ಟಿನಿಬ್ ಮಾತ್ರೆ ಬರೆದಿದ್ದಾರೆ. ವಿಮಾ ಕಂಪನಿ ಅದನ್ನು ಹೊರರೋಗಿ ವೆಚ್ಚವೆಂದು ತಿರಸ್ಕರಿಸಿದೆ. ಡ್ರಿಪ್‌ನಲ್ಲಿ ಕೊಡುವ ಕೀಮೋಗೆ ಬದಲಾಯಿಸಿಕೊಂಡರೆ ಕ್ಲೇಮು ಸಿಗುತ್ತದೆಂದು ಏಜೆಂಟರು ಹೇಳುತ್ತಿದ್ದಾರೆ; ಹಾಗೆ ಮಾಡಬಹುದೇ?

ಏಜೆಂಟರ ಮಾತು ಕೇಳಿ ಬದಲಾಯಿಸಬೇಡಿ. ನಾನು ವೈದ್ಯನಲ್ಲ, ಬೆಂಗಳೂರಿನ ಒಂದು ಆಸ್ಪತ್ರೆಯ ವಿಮಾ ವಿಭಾಗದಲ್ಲಿ ಹಲವು ವರ್ಷ ಕುಳಿತವನು. ಈ ಜೀನ್ ಬದಲಾವಣೆ ಇರುವವರಿಗೆ ಓಸಿಮರ್ಟಿನಿಬ್ ಗುಂಪಿನ ಮಾತ್ರೆಗಳೇ ಮೊದಲ ಆಯ್ಕೆ ಎಂಬುದು ನಮ್ಮಲ್ಲಿನ ಕ್ಯಾನ್ಸರ್ ತಜ್ಞರೆಲ್ಲ ಹೇಳುತ್ತಿದ್ದ ಮಾತು. ಔಷಧಿ ಬದಲಾಗಬೇಕಾದರೆ ಅದಕ್ಕೆ ಕಾರಣ ಸ್ಕ್ಯಾನ್ ವರದಿಯಲ್ಲಿರಬೇಕು, ಪಾಲಿಸಿಯ ಕಾಗದದಲ್ಲಲ್ಲ.

ಆದರೆ ಪಾಲಿಸಿಯ ಕಾಗದ ಏಕೆ ಹೀಗಿದೆ ಎಂಬುದು ತಿಳಿದಿರಲಿ. ನಮ್ಮ ಆರೋಗ್ಯ ವಿಮೆ ಹುಟ್ಟಿದ್ದೇ ಆಸ್ಪತ್ರೆಯ ಹಾಸಿಗೆಯ ಲೆಕ್ಕದಲ್ಲಿ. ಇಪ್ಪತ್ನಾಲ್ಕು ಗಂಟೆ ದಾಖಲಾಗಿದ್ದರೆ ಹಣ, ಇಲ್ಲದಿದ್ದರೆ ಇಲ್ಲ. ಆಮೇಲೆ ಡಯಾಲಿಸಿಸ್, ಕೀಮೋ, ರೇಡಿಯೋಥೆರಪಿಯಂಥವನ್ನು ಡೇ ಕೇರ್ (ಅದೇ ದಿನ ಮುಗಿಸಿ ಮನೆಗೆ ಕಳಿಸುವ ಚಿಕಿತ್ಸೆ) ಎಂದು ಒಳಗೆ ಸೇರಿಸಿಕೊಂಡರು. ಮನೆಯಲ್ಲಿ ನೀರು ಕುಡಿದು ನುಂಗುವ ಗುಳಿಗೆಗೆ ಆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ರೋಗ ಅದೇ, ವೈದ್ಯರು ಅವರೇ. ಔಷಧಿ ರಕ್ತನಾಳದ ಬದಲು ಬಾಯಿಯ ಮೂಲಕ ಹೋಯಿತೆಂಬ ಒಂದೇ ಕಾರಣಕ್ಕೆ ತಿಂಗಳ ಖರ್ಚೆಲ್ಲ ಮನೆಯವರ ತಲೆಯ ಮೇಲೆ.

ಇದರ ಪರಿಣಾಮವನ್ನು ನಾನು ದಿನವೂ ನೋಡುತ್ತಿದ್ದೆ. ಅಗತ್ಯವೇ ಇಲ್ಲದೆ ಒಂದು ರಾತ್ರಿ ದಾಖಲಾಗುವವರು. ಸ್ತನ ಕ್ಯಾನ್ಸರಿನ ಔಷಧಿ ಟ್ರಾಸ್ಟುಜುಮ್ಯಾಬ್ ಅನ್ನು ಚರ್ಮದಡಿ ಕೆಲವೇ ನಿಮಿಷಗಳಲ್ಲಿ ಕೊಡುವ ರೂಪವಿದ್ದರೂ ಡ್ರಿಪ್ ರೂಪವನ್ನೇ ಕೇಳುವವರು. ಎಲ್ಲಕ್ಕಿಂತ ಕೆಟ್ಟದ್ದು, ಹಣ ಸಾಲದೆ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ, ಅದನ್ನು ವೈದ್ಯರಿಂದಲೂ ಮುಚ್ಚಿಡುವವರು. ದಯವಿಟ್ಟು ಈ ಕೊನೆಯ ದಾರಿ ಹಿಡಿಯಬೇಡಿ. ಸುಮ್ಮನೆ ದಾಖಲಾಗುವ ಉಪಾಯವೂ ಈಗ ಅಷ್ಟು ನಡೆಯುವುದಿಲ್ಲ: ‘ದಾಖಲಾತಿ ಅಗತ್ಯವಿರಲಿಲ್ಲ’ ಎಂದು ಟಿಪಿಎ (ವಿಮಾ ಕಂಪನಿಯ ಪರವಾಗಿ ಕ್ಲೇಮು ಪರಿಶೀಲಿಸುವ ಸಂಸ್ಥೆ) ಒಂದು ಸಾಲು ಬರೆದರೆ ಮಾತ್ರೆಯ ಜೊತೆಗೆ ಕೋಣೆಯ ಬಾಡಿಗೆಯೂ ನಿಮ್ಮ ಮೇಲೆಯೇ ಬೀಳುತ್ತದೆ.

ಅಮೆರಿಕದಲ್ಲಿ ಇಂಥ ತಾಪತ್ರಯ ಇಲ್ಲವಂತೆ ಎಂದು ನೀವು ಬರೆದಿದ್ದೀರಿ. ಅಲ್ಲಿಯೂ ಇತ್ತು. ಮಾತ್ರೆಗೂ ಡ್ರಿಪ್‌ಗೂ ಸಮಾನ ಸೌಲಭ್ಯ ಕೊಡಬೇಕೆಂಬ ಕಾನೂನನ್ನು ಮೊದಲು ತಂದದ್ದು ಆರೆಗಾನ್ ರಾಜ್ಯ, 2007ರಲ್ಲಿ; ಬೇರೆ ರಾಜ್ಯಗಳು ಆಮೇಲೆ ಅನುಸರಿಸಿದವು. ಇನ್ನೊಂದು ಸ್ವಾರಸ್ಯ: ಅಲ್ಲಿ ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆ ಮೆಡಿಕೇರ್, ಕ್ಲಿನಿಕ್‌ನಲ್ಲಿ ಕೊಡುವ ಕೀಮೋ ಔಷಧಿಗೆ 2005ರಿಂದ ಸರಾಸರಿ ಮಾರಾಟ ಬೆಲೆಯ ಮೇಲೆ ಶೇ. 6 ಸೇರಿಸಿ ಕೊಡತೊಡಗಿತು. ಔಷಧಿ ದುಬಾರಿಯಾದಷ್ಟೂ ಆ ಆರರ ಪಾಲು ದೊಡ್ಡದು. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ದಾಖಲೆ ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಈ ಬದಲಾವಣೆಯ ನಂತರ ಕಾರ್ಬೋಪ್ಲಾಟಿನ್ ಎಂಬ ಕೀಮೋ ಔಷಧಿಯ ಬಳಕೆ ಇಳಿದು ದುಬಾರಿ ಡೋಸಿಟ್ಯಾಕ್ಸೆಲ್ ಬಳಕೆ ಏರಿತು. ಹಣ ಹರಿಯುವ ಕಡೆಗೆ ವೈದ್ಯರ ಔಷಧಿ ಚೀಟಿಯೂ ವಾಲುತ್ತದೆ. ಅವರನ್ನು ದೂಷಿಸಲು ಈ ಮಾತಲ್ಲ. ಕ್ಲಿನಿಕ್ ನಡೆಸುವವರೂ ಬಾಡಿಗೆ ಕಟ್ಟಬೇಕು.

ಈಗ ನಿಮ್ಮ ಕೈಯಲ್ಲಿರುವ ಅಸ್ತ್ರ. 2019ರ ಸೆಪ್ಟೆಂಬರ್‌ನಲ್ಲಿ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ಹನ್ನೆರಡು ಆಧುನಿಕ ಚಿಕಿತ್ಸೆಗಳನ್ನು ಪಟ್ಟಿಮಾಡಿ, ಇವನ್ನು ಪಾಲಿಸಿಯಿಂದ ಹೊರಗಿಡಬಾರದು ಎಂದಿತು. ಅದರಲ್ಲಿ ಬಾಯಿಯ ಮೂಲಕ ಕೊಡುವ ಕೀಮೋ ಇದೆ, ಇಮ್ಯುನೊಥೆರಪಿ ಇಂಜೆಕ್ಷನ್ ಇದೆ. ಖುಷಿಪಡುವ ಮೊದಲು ಎರಡು ತೊಡಕು ನೋಡಿ. ಒಂದು, ಒಳರೋಗಿಯಾಗಿ, ಡೇ ಕೇರ್‌ನಲ್ಲಿ ಅಥವಾ ಮನೆಯಲ್ಲೇ ದಾಖಲಾದಂತೆ ಪಡೆಯುವ ಚಿಕಿತ್ಸೆಯಾಗಿ ಒಳಗೊಳ್ಳಬೇಕು ಎಂದು ಅಲ್ಲಿ ಬರೆದಿದೆ. ‘ಮೆಡಿಕಲ್ ಶಾಪಿನಲ್ಲಿ ಕೊಂಡದ್ದು ಇದರಲ್ಲಿ ಬರುವುದಿಲ್ಲ’ ಎಂದು ಕಂಪನಿಗಳು ವಾದಿಸುವುದು ಇದನ್ನೇ ಹಿಡಿದು. ಎರಡು, ಮಿತಿ ಹಾಕಲು ಅವಕಾಶವಿದೆ. ಹತ್ತು ಲಕ್ಷದ ಪಾಲಿಸಿಯಲ್ಲಿ ಈ ಚಿಕಿತ್ಸೆಗೆ ಅರ್ಧವೋ ಕಾಲುಭಾಗವೋ ಮಾತ್ರ ಎಂದು ಒಳಪುಟದ ಕೋಷ್ಟಕದಲ್ಲಿ ಇರಬಹುದು. ಏಜೆಂಟರು ಕೊಟ್ಟ ಬಣ್ಣದ ಕರಪತ್ರವನ್ನು ಬದಿಗಿಟ್ಟು ಪಾಲಿಸಿಯ ಪೂರ್ಣ ಪಠ್ಯ ತರಿಸಿ ಓದಿ.

ತಿರಸ್ಕಾರವನ್ನು ಷರತ್ತಿನ ಸಂಖ್ಯೆಯೊಂದಿಗೆ ಲಿಖಿತವಾಗಿ ಕೇಳಿ. ಜೀನ್ ಪರೀಕ್ಷೆಯ ವರದಿ, ಇದೇ ಮಾತ್ರೆ ಏಕೆ ಬೇಕು ಎಂಬ ವೈದ್ಯರ ಪತ್ರ, ಜೊತೆಗೆ ಆ ಪಟ್ಟಿಯ ಉಲ್ಲೇಖ ಸೇರಿಸಿ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಬಯಾಪ್ಸಿಗೆ ದಾಖಲಾಗಿದ್ದರೆ, ಡಿಸ್ಚಾರ್ಜ್ ನಂತರ ಸಾಮಾನ್ಯವಾಗಿ ಅರವತ್ತು ದಿನಗಳವರೆಗಿನ (ಕೆಲವು ಪಾಲಿಸಿಗಳಲ್ಲಿ ಇನ್ನೂ ಹೆಚ್ಚು) ಔಷಧಿ ಬಿಲ್ಲು ಬೇರೆ ಷರತ್ತಿನಡಿ ಸಿಗಬಹುದು. ಇದನ್ನು ಕೇಳುವುದೇ ಮರೆತುಹೋಗುತ್ತದೆ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಿ. ಬೆಂಗಳೂರಿನಲ್ಲಿ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ, ಆದರೆ ಒಂದು ವರ್ಷದೊಳಗೆ ಹೋಗಬೇಕು. ಕ್ಲೇಮು ಮಾಡಿದಿರಿ ಎಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ. ಏನೇ ಸಿಟ್ಟಿದ್ದರೂ ಪ್ರೀಮಿಯಂ ತಪ್ಪಿಸಬೇಡಿ.

ಇದೆಲ್ಲ ಮುಗಿಯುವವರೆಗೆ ಮಾತ್ರೆ ನಿಲ್ಲಬಾರದಲ್ಲ? 2024ರ ಬಜೆಟ್‌ನಲ್ಲಿ ಓಸಿಮರ್ಟಿನಿಬ್ ಮೇಲಿನ ಕಸ್ಟಮ್ಸ್ ಸುಂಕ ತೆಗೆದಿದ್ದಾರೆ, ಆದರೂ ಅದು ದುಬಾರಿಯೇ. ತಯಾರಕರ ರೋಗಿ ಸಹಾಯ ಯೋಜನೆ ಇದೆಯೇ ಎಂದು ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಿ. ಅದೇ ಗುಂಪಿನ ಹಳೆಯ ಮಾತ್ರೆ ಗೆಫಿಟಿನಿಬ್ ಜೆನೆರಿಕ್ ರೂಪದಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ. ಅದು ತಾಯಿಯವರಿಗೆ ಹೊಂದುತ್ತದೆಯೇ ಎಂಬುದನ್ನು ವೈದ್ಯರೇ ಹೇಳಬೇಕು. ಮನೆಯ ಪರಿಸ್ಥಿತಿಯನ್ನು ಅವರ ಮುಂದೆ ಸಂಕೋಚವಿಲ್ಲದೆ ಬಿಚ್ಚಿಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಏನು ಸಾಧ್ಯ ಎಂದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳಿ. ತಿರಸ್ಕಾರ ಪತ್ರದಲ್ಲಿ ಯಾವ ಷರತ್ತು ನಮೂದಿಸಿದ್ದಾರೆಂದು ಇಲ್ಲಿ ಬರೆದರೆ ದೂರಿನ ಕರಡು ಮಾಡಿಕೊಡುತ್ತೇನೆ. ಪಾಲಿಸಿ ಸಂಖ್ಯೆ, ಹೆಸರು ಹಾಕಬೇಡಿ.