ಓದುಗರ ಪ್ರಶ್ನೆ: ಥೇಮ್ಸ್ ದಂಡೆಯಲ್ಲಿ ಒಂದು ಬೆಳಗು

ಪ್ರಶ್ನೆ: ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಅರವತ್ತು ದಾಟಿದ ನಾವಿಬ್ಬರು ಅಲ್ಲಿನ ಪ್ರಸಿದ್ಧ ಸ್ಥಳಗಳನ್ನು ಒಂದೇ ದಿನದಲ್ಲಿ ನಡೆದು ನೋಡಲು ಸಾಧ್ಯವೇ? ಎಲ್ಲಿಂದ ಆರಂಭಿಸಬೇಕು?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾಧ್ಯ, ಆದರೆ ಕಟ್ಟಡಗಳ ಒಳಹೊಕ್ಕು ನೋಡುವ ಆಸೆಯನ್ನು ಆ ದಿನದ ಮಟ್ಟಿಗೆ ಬಿಡಬೇಕು. ಹೆಸರಾಂತ ಕಟ್ಟಡಗಳಲ್ಲಿ ಹಲವು ಥೇಮ್ಸ್ ನದಿಯ ಉತ್ತರ ದಂಡೆಯ ಕಡೆಗಿರುವುದರಿಂದ, ಅವುಗಳ ಬುಡದಲ್ಲಿ ನಿಂತು ಕತ್ತೆತ್ತಿ ನೋಡುವುದಕ್ಕಿಂತ ಎದುರಿನ ದಕ್ಷಿಣ ದಂಡೆಯಲ್ಲಿ ನಡೆದರೆ ಅವು ಪೂರ್ತಿಯಾಗಿ ಕಣ್ಣಿಗೆ ಸಿಗುತ್ತವೆ. ಈ ದಂಡೆಯಲ್ಲೇ ಇರುವ ಲ್ಯಾಂಬೆತ್ ಪ್ರದೇಶದಿಂದ ಟವರ್ ಬ್ರಿಡ್ಜ್‌ವರೆಗೆ ಸುಮಾರು ಆರು ಕಿಲೋಮೀಟರ್; ದಾರಿ ಬಹುಮಟ್ಟಿಗೆ ಸಮತಟ್ಟಾಗಿದೆ.

ಬೆಳಿಗ್ಗೆ ಏಳಕ್ಕೆ ವಾಕ್ಸ್‌ಹಾಲ್ ನಿಲ್ದಾಣದಲ್ಲಿ ಇಳಿದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ಗೆ ಬನ್ನಿ. 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪುತ್ಥಳಿ ಅಲ್ಲಿದೆ. ಲ್ಯಾಂಬೆತ್‌ನ ಮಾಜಿ ಮೇಯರ್, ಕಲಬುರ್ಗಿ ಮೂಲದ ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ಅದು ಸಾಧ್ಯವಾಯಿತು. ಕನ್ನಡಿಗರೆಂಬ ಅಭಿಮಾನಕ್ಕಾಗಿ ಮಾತ್ರ ಅಲ್ಲಿಂದ ಹೊರಡಿ ಎನ್ನುತ್ತಿಲ್ಲ. ಪಾರ್ಲಿಮೆಂಟ್ ಕಟ್ಟಡದ ನದಿಯ ಕಡೆಯ ಮುಖ ಪೂರ್ವಕ್ಕಿದೆ. ಎಳೆಬಿಸಿಲಿನಲ್ಲಿ ಅದರ ಕಲ್ಲಿನ ಕೆತ್ತನೆಯೆಲ್ಲ ಹೊಂಬಣ್ಣಕ್ಕೆ ತಿರುಗಿರುತ್ತದೆ, ಸಂಜೆ ಬಂದರೆ ಕಪ್ಪು ನೆರಳಷ್ಟೇ ಕಾಣುತ್ತದೆ. 1834ರ ಬೆಂಕಿಯಲ್ಲಿ ಹಳೆಯ ಅರಮನೆಯ ಬಹುಭಾಗ ಸುಟ್ಟುಹೋದ ಮೇಲೆ ಚಾರ್ಲ್ಸ್ ಬ್ಯಾರಿಯ ವಿನ್ಯಾಸದಂತೆ ಎದ್ದ ಕಟ್ಟಡ ಅದು. ಅದರ ಎದುರಿನ ಗೋಡೆಯ ಮೇಲೆ ಕೋವಿಡ್‌ನಲ್ಲಿ ತೀರಿಕೊಂಡವರ ನೆನಪಿಗೆಂದು 2021ರಿಂದ ಬರೆದಿರುವ ಕೆಂಪು ಹೃದಯಗಳಿವೆ, ಒಂದೂವರೆ ಲಕ್ಷಕ್ಕೂ ಹೆಚ್ಚು. ಅಲ್ಲಿ ಅವಸರ ಮಾಡಬೇಡಿ. ಹಾಗೆಯೇ ಸೇತುವೆಗಳ ಬಣ್ಣವನ್ನೂ ಗಮನಿಸಿ: ಲ್ಯಾಂಬೆತ್ ಸೇತುವೆಯ ಕೆಂಪು ಹೌಸ್ ಆಫ್ ಲಾರ್ಡ್ಸ್‌ನ ಆಸನಗಳದ್ದು, ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಹಸಿರು ಹೌಸ್ ಆಫ್ ಕಾಮನ್ಸ್‌ನದ್ದು.

ಲಂಡನ್ ಐ ಎಂಬ ದೈತ್ಯ ತಿರುಗು ಚಕ್ರದ ಬಳಿ ಜನಜಂಗುಳಿ ಹೆಚ್ಚು. ದಾಟಿ ಮುಂದೆ ಹೋಗಿ. ಮೆಟ್ಟಿಲು ಹತ್ತಿ ವಾಟರ್‌ಲೂ ಸೇತುವೆಯ ನಡುಮಧ್ಯದವರೆಗೆ ಹೋಗಿ ನಿಲ್ಲುವುದನ್ನು ಮಾತ್ರ ತಪ್ಪಿಸಬಾರದು. ಉತ್ತರಕ್ಕೆ ಹರಿಯುತ್ತಿದ್ದ ನದಿ ಅಲ್ಲಿ ಪೂರ್ವಕ್ಕೆ ತಿರುಗುವುದರಿಂದ, ಒಂದು ಕಡೆ ಪಾರ್ಲಿಮೆಂಟ್, ಇನ್ನೊಂದು ಕಡೆ ಸೇಂಟ್ ಪಾಲ್ಸ್ ಕೆಥೀಡ್ರಲ್ ಎರಡೂ ನಿಂತಲ್ಲಿಂದಲೇ ಕಾಣುತ್ತವೆ. 1666ರ ಮಹಾ ಅಗ್ನಿ ಅನಾಹುತದ ನಂತರ ಕ್ರಿಸ್ಟೋಫರ್ ರೆನ್ ಕಟ್ಟಿಸಿದ ಈ ಗುಮ್ಮಟ ಇಂದಿಗೂ ನದಿಯಿಂದ ಕಾಣುತ್ತಿದೆಯೆಂದರೆ ಅದು ಆಕಸ್ಮಿಕವಲ್ಲ; ಸುತ್ತಲಿನ ಕಟ್ಟಡಗಳ ಎತ್ತರಕ್ಕೆ 1930ರ ದಶಕದಿಂದಲೇ ಅಲ್ಲಿ ಮಿತಿಯಿದೆ. ನಮ್ಮ ನಗರಪಾಲಿಕೆಗಳವರು ನೋಡಿ ಬರಬೇಕಾದದ್ದು ಇದನ್ನು ಎಂದು ನನಗನ್ನಿಸುತ್ತದೆ.

ನೀವು ನಿಂತಿರುವ ಸೇತುವೆ, ಮುಂದೆ ಸಿಗುವ ಟೇಟ್ ಮಾಡರ್ನ್ ಕಲಾಸಂಗ್ರಹಾಲಯ (ಹಿಂದೆ ಅದು ವಿದ್ಯುತ್ ಸ್ಥಾವರವಾಗಿತ್ತು) ಮತ್ತು ಲಂಡನ್ನಿನ ಕೆಂಪು ಟೆಲಿಫೋನ್ ಗೂಡು, ಮೂರೂ ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಎಂಬ ಒಬ್ಬನೇ ವಾಸ್ತುಶಿಲ್ಪಿಯ ವಿನ್ಯಾಸಗಳು. ಟೇಟ್‌ನ ಶೌಚಾಲಯ, ಕುರ್ಚಿಗಳು ನಿಮ್ಮ ವಯಸ್ಸಿನವರಿಗೆ ಕಲೆಯಷ್ಟೇ ಉಪಯುಕ್ತ, ಪ್ರವೇಶವೂ ಉಚಿತ. ಅಲ್ಲಿಂದ ಬರೋ ಮಾರ್ಕೆಟ್‌ನಲ್ಲಿ ಊಟ ಮಾಡಿ, 1894ರ ಟವರ್ ಬ್ರಿಡ್ಜ್‌ಗೆ ನಡೆಯಿರಿ. ಅಲ್ಲಿ ಇಂದಿಗೂ ರಸ್ತೆಗಿಂತ ಹಡಗಿಗೇ ಮೊದಲ ಹಕ್ಕು. ಸೇತುವೆ ತೆರೆಯುವ ವೇಳೆಯನ್ನು ಮೊದಲೇ ಪ್ರಕಟಿಸುತ್ತಾರೆ. ಮಗಳಿಂದ ಕೇಳಿ ತಿಳಿದುಕೊಂಡು ಹೋಗಿ.

ಪ್ರಶ್ನೆ: ಅಲ್ಲಿನ ಬೇಸಿಗೆಯಲ್ಲಿ ಸ್ವೆಟರ್ ಬೇಕೋ, ಛತ್ರಿ ಬೇಕೋ?
— ಅವರೇ

ಉತ್ತರ: ಎರಡೂ ಇರಲಿ, ನೀರಿನ ಬಾಟಲಿಯೂ ಇರಲಿ. ಸಾಮಾನ್ಯವಾಗಿ ಮಧ್ಯಾಹ್ನದ ಉಷ್ಣಾಂಶ 22–23 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ, ಆದರೆ 2022ರ ಜುಲೈ 19ರಂದು ಲಂಡನ್ನಿನಲ್ಲೂ 40 ಡಿಗ್ರಿ ದಾಟಿತ್ತು. ಜೂನ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತು ಕಳೆದಿರುತ್ತದೆ. ಆದ್ದರಿಂದ ಕಾಲು ನೋಯತೊಡಗಿದರೆ ಬರೋ ಮಾರ್ಕೆಟ್‌ನಲ್ಲೇ ನಿಲ್ಲಿಸಿ ಮನೆಗೆ ಹೋಗಿ ಮಲಗಿ, ಉಳಿದದ್ದನ್ನು ಅದೇ ದಿನ ಸಂಜೆ ಮಗಳು ಅಳಿಯನ ಜೊತೆ ಮುಗಿಸಬಹುದು.