ತಂಬೂರಿ ಹಾಕಿಕೊಂಡು ಕೇಳಿದ್ದೀರಾ?

ಪ್ರಶ್ನೆ: ನಾನು ಪ್ರೌಢಶಾಲೆಯ ಸಂಗೀತ ಶಿಕ್ಷಕಿ. ನಮ್ಮಲ್ಲಿಗೆ ಈಗ ಸ್ಮಾರ್ಟ್ ಬೋರ್ಡ್ ಬಂದಿದೆ. ಎಂಟನೇ ಕ್ಲಾಸಿನವರಿಗೆ ಕರ್ನಾಟಕ ಸಂಗೀತ ಕಲಿಸಲು ಒಳ್ಳೆಯ ವೆಬ್‌ಸೈಟ್‌ಗಳ ಪಟ್ಟಿ ಕೊಡುತ್ತೀರಾ?

ಕೊಡುವುದಿಲ್ಲ. ಹಿಂದೊಮ್ಮೆ ಕೊಟ್ಟಿದ್ದೆ. ವರ್ಷ ತುಂಬುವುದರೊಳಗೆ ಅದರಲ್ಲಿ ಎರಡು ಸೈಟ್ ಬಾಗಿಲು ಹಾಕಿದವು, ಒಂದು ದುಡ್ಡು ಕೇಳಲು ಶುರು ಮಾಡಿತು, ಬೈಗುಳ ಮಾತ್ರ ನನ್ನ ಪಾಲಿಗೆ ಬಂತು. ಆಮೇಲೂ ತಿಂಗಳಿಗೆ ನಾಲ್ಕು ಜನ ಇದನ್ನೇ ಕೇಳುತ್ತಾರೆ. ಹಾಗಾಗಿ ಸೈಟನ್ನು ನೀವೇ ತೂಗಿ ನೋಡುವುದು ಹೇಗೆ ಅಂತ ಹೇಳುತ್ತೇನೆ, ಸಾಕು.

ಮೊದಲು ನಿಮಗೆ ನಿದ್ದೆಗಣ್ಣಲ್ಲೂ ಬರುವ ರಾಗವನ್ನೇ ತೆರೆಯಿರಿ. ಮಲಹರಿ ಆಗಬಹುದು, ಪಿಳ್ಳಾರಿ ಗೀತೆ ಕಲಿಸದ ಟೀಚರ್ ಯಾರಿದ್ದಾರೆ? ಹತ್ತುವಾಗ ಸರಿಮಪದಸ, ಇಳಿಯುವಾಗ ಸದಪಮಗರಿಸ. ನಿಷಾದ (ನಿ) ಎಲ್ಲೂ ಇಲ್ಲ, ಗಾಂಧಾರ (ಗ) ಇಳಿಯುವಾಗ ಮಾತ್ರ. ಇದರಲ್ಲೇ ತಪ್ಪಿದ್ದರೆ ಮುಂದಿನ ಪುಟ ನೋಡುವ ಕೆಲಸವೇ ಇಲ್ಲ, ಮುಚ್ಚಿಬಿಡಿ. ಆಮೇಲೆ ತೋಡಿ ಹುಡುಕಿ. ನಮ್ಮ ತೋಡಿ 8ನೇ ಮೇಳ, ಅಂದರೆ ಮೂಲ ರಾಗಗಳಲ್ಲಿ ಎಂಟನೆಯದು, ಅದರ ಸ್ವರಗಳು ಹಿಂದೂಸ್ತಾನಿಯ ಭೈರವಿಗೆ ಹತ್ತಿರ. ಅವರ ತೋಡಿಯ ಸ್ವರಗಳು ನಮ್ಮ ಶುಭಪಂತುವರಾಳಿಯವು. ಎರಡನ್ನೂ ಒಂದೇ ಪುಟದಲ್ಲಿ ಕಲಸಿಟ್ಟಿದ್ದರೆ ಬರೆದವರು ಹಾಡುವವರಲ್ಲ, ಇನ್ನೊಂದು ಸೈಟಿನಿಂದ ಎತ್ತಿ ಹಾಕಿದವರು.

ಇದು ಕಣ್ಣಿನ ಕೆಲಸ. ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ನನಗೆ ಸಿಟ್ಟು ಬರುವುದೂ ಅದಕ್ಕೇ. ಬಣ್ಣ ಚೆನ್ನಾಗಿದೆ, ಕಾರ್ಟೂನ್ ಇದೆ, ಮಕ್ಕಳು ಖುಷಿಪಡುತ್ತಾರೆ ಸಾರ್ ಅಂತಾರೆ. ಕೇಳಿದ್ದೀರಾ ಅಂದರೆ ಸುಮ್ನೆ ತಲೆ ಕೆರೆದುಕೊಳ್ಳುತ್ತಾರೆ.

ಮನೆಯಲ್ಲಿ ಒಂದು ಸಂಜೆ ತಂಬೂರಿ ಮೀಟುತ್ತಾ ಸೈಟಿನ ಕೀಬೋರ್ಡಿನಲ್ಲಿ ಮಾಯಾಮಾಳವಗೌಳ ರಾಗದ ಸರಳೆ ವರಸೆ, ಅದೇ ಮೊದಲ ಪಾಠ, ನುಡಿಸಿ. ಶ್ರುತಿ ಎರಡಕ್ಕೂ ಒಂದೇ ಇರಲಿ. ಷಡ್ಜ (ಸ) ಸೇರುತ್ತದೆ, ಪಂಚಮವೂ (ಪ) ಸೇರಿದ ಹಾಗೇ ಇರುತ್ತದೆ. ಗಾಂಧಾರದ ಮೇಲೆ ನಿಲ್ಲಿಸಿ ಕಿವಿ ಕೊಡಿ, ಏನೋ ಗುರ್ ಅಂತ ಅಲುಗುತ್ತದೆ ಅಲ್ವಾ? ಸ್ವರಗಳ ದೂರವನ್ನು ಅಳೆಯುವುದು ಸೆಂಟ್‌ನಲ್ಲಿ. ಕೀಬೋರ್ಡಿನಲ್ಲಿ ಪಕ್ಕಪಕ್ಕದ ಮನೆಗಳಿಗೆ (ಕೀಗಳಿಗೆ) 100 ಸೆಂಟ್ ದೂರ, ಆ ಲೆಕ್ಕಕ್ಕೆ ಈ ರಾಗದ ಗಾಂಧಾರ (ಹೆಸರು ‘ಅಂತರ ಗಾಂಧಾರ’) ಷಡ್ಜದಿಂದ 400ರಲ್ಲಿ ಕೂರುತ್ತದೆ. ತಂಬೂರಿಯ ಷಡ್ಜದ ತಂತಿಯೊಳಗಿಂದ ತಾನಾಗಿ ಏಳುವ ಗಾಂಧಾರ ಇರುವುದು 386ರ ಹತ್ತಿರ. 14 ಸೆಂಟ್ ಏನು ಮಹಾ ಅನ್ನಬೇಡಿ. ವರ್ಷಪೂರ್ತಿ ಅದನ್ನೇ ಕೇಳಿದ ಮಗು ತಂಬೂರಿ ಮುಂದೆ ಕೂತಾಗ ಗಾಂಧಾರವನ್ನು ಏರಿಸಿಯೇ ಹಾಡುತ್ತದೆ. ತಿದ್ದಲು ಇನ್ನೊಂದು ವರ್ಷ ಬೇಕು.

ಹಾಗಂತ ಕೀಬೋರ್ಡ್ ಇರುವ ಸೈಟೆಲ್ಲ ಕೆಟ್ಟದ್ದಲ್ಲ. ಗೂಗಲ್‌ನವರ ಕ್ರೋಮ್ ಮ್ಯೂಸಿಕ್ ಲ್ಯಾಬ್ ನಾನೇ ಬಳಸುತ್ತೇನೆ. ಲಾಗಿನ್ ಇಲ್ಲ, ದುಡ್ಡಿಲ್ಲ. ಅದರ ಸ್ಪೆಕ್ಟ್ರೋಗ್ರಾಮ್ ತೆರೆದು ಮೈಕಿಗೆ ತಂಬೂರಿ ಹಿಡಿಯಿರಿ, ಒಂದೇ ತಂತಿಯಿಂದ ಗೆರೆ ಮೇಲೆ ಗೆರೆ ಏಳುವುದು ಬೋರ್ಡಿನ ಮೇಲೆ ಕಾಣುತ್ತದೆ. ಗಾಂಧಾರ ಎಲ್ಲಿಂದ ಬಂತು ಅಂತ ಮಕ್ಕಳಿಗೆ ನಾನು ತೋರಿಸುವುದು ಹಾಗೇ. ಅದರಲ್ಲೇ ಇರುವ ಸಾಂಗ್ ಮೇಕರ್‌ನಲ್ಲಿ ಪೆಂಟಾಟೋನಿಕ್ ಆರಿಸಿದರೆ ಮೋಹನದ ಐದು ಸ್ವರಗಳು ಸಿಗುತ್ತವೆ. ಆಟಕ್ಕೆ ಚೆನ್ನ. ಅದನ್ನೇ ಮೋಹನ ರಾಗ ಅಂತ ಮಾತ್ರ ಹೇಳಿಕೊಡಬೇಡಿ.

ಇನ್ನು ಶ್ರುತಿ. ಪಾಠ ಹೇಳುವ ಗಂಡು ದನಿ ಒಂದು ಮನೆ ಶ್ರುತಿಯಲ್ಲಿ ಹಾಡುತ್ತಿದ್ದರೆ, ಅದಕ್ಕಿಂತ ಎತ್ತರದ ಐದು ಮನೆ ಶ್ರುತಿಯ ಹುಡುಗಿಯರು ಅದಕ್ಕೆ ದನಿ ಸೇರಿಸುವುದು ಹೇಗೆ? ಶ್ರುತಿ ಬದಲಿಸಲು ಬರದ ಸೈಟು ತರಗತಿಗೆ ಬೇಡ. ಸಾಹಿತ್ಯ ಬರೀ ಇಂಗ್ಲಿಷ್ ಅಕ್ಷರದಲ್ಲಿದ್ದರೆ ಅದೂ ಬೇಡ. ಆ ಅಕ್ಷರಗಳಲ್ಲಿ ಕಲೆಗೂ ಕಳೆಗೂ ಒಂದೇ ಸ್ಪೆಲ್ಲಿಂಗ್. ದಾಸರ ಪದವನ್ನು ಕನ್ನಡದ ಮಕ್ಕಳೇ ಹಾಗೆ ತೊದಲುವುದನ್ನು ಎಷ್ಟು ಕೇಳಿದ್ದೇನೋ. ಆ ಪದಗಳನ್ನು ದಾಸರೇ ಈ ರಾಗದಲ್ಲಿ ಕಟ್ಟಿದರು ಅಂತ ಖಡಾಖಂಡಿತ ಬರೆಯುವ ಸೈಟುಗಳೂ ಇವೆ. ಈಗ ನಾವು ಹಾಡುವ ಧಾಟಿಗಳಲ್ಲಿ ಹೆಚ್ಚಿನವು ಆಮೇಲೆ ಕೂಡಿಸಿದವು.

ಕೊನೆಗೆ, ಶಾಲೆಯ ಬೋರ್ಡಿನಲ್ಲೇ, ಶಾಲೆಯ ಇಂಟರ್ನೆಟ್ಟಿನಲ್ಲೇ ಹಿಂದಿನ ದಿನ ಪಾಠವನ್ನು ಪೂರ್ತಿ ಓಡಿಸಿ ನೋಡಿ. ನಾನು ಹಾಗೆ ಮಾಡದೆ ಒಮ್ಮೆ ಕ್ಲಾಸಿನಲ್ಲಿ ಆಲಾಪನೆ ಹಾಕಿದೆ. ನಡುವೆ ರಮ್ಮಿ ಆಟದ ಜಾಹೀರಾತು ಬಂತು. ಮಾರನೇ ದಿನ ನಲವತ್ತು ಮಕ್ಕಳೂ ಅದರ ಹಾಡನ್ನು ತಾಳ ಸಮೇತ ಒಪ್ಪಿಸಿದರು. ವರಸೆ ಒಬ್ಬರಿಗೂ ಬಂದಿರಲಿಲ್ಲ.

ಪ್ರಶ್ನೆ: 432 ಹರ್ಟ್ಸ್‌ಗೆ ಶ್ರುತಿ ಮಾಡಿದ ಸಂಗೀತ ಕೇಳಿದರೆ ಮಕ್ಕಳ ಏಕಾಗ್ರತೆ ಹೆಚ್ಚುತ್ತದಂತೆ, ಕ್ಲಾಸಿನಲ್ಲಿ ಹಾಕಲೇ?

ಬೇಡ. ನಮ್ಮಲ್ಲಿ ಹಾಡುವವರ ಕಂಠ ನೋಡಿ ಷಡ್ಜ ಇಡುತ್ತಾರೆ, ಅದಕ್ಕೆ ಮಂತ್ರದ ನಂಬರ್ ಇಲ್ಲ. ಮಾರುವವರಿಗೆ ಬೇಕು ಅಷ್ಟೇ.

ಪ್ರಶ್ನೆ: ಮೊಜಾರ್ಟ್ ಕೇಳಿಸಿದರೆ ಬುದ್ಧಿ ಬೆಳೆಯುತ್ತದೆ ಅಂತ ಒಂದು ಶೈಕ್ಷಣಿಕ ಸೈಟಿನಲ್ಲಿದೆ. ನಿಜವೇ?

ಈ ಮಾತು ಹುಟ್ಟಿದ 1993ರ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಪರಿಣಾಮ ಇದ್ದದ್ದು ಹತ್ತು ಹದಿನೈದು ನಿಮಿಷ. ಉಳಿದದ್ದೆಲ್ಲ ಸಿ.ಡಿ. ಮಾರಿದವರು ಸೇರಿಸಿದ್ದು.

ಪ್ರಶ್ನೆ: ಮೂವತ್ತು ದಿನದ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟ್ ಇದ್ದರೆ ಸಂಗೀತದ ಜೂನಿಯರ್ ಪರೀಕ್ಷೆ ಬರೆಯದೆ ಸೀನಿಯರ್‌ಗೆ ಕೂರಬಹುದೇ?

ಗೋಡೆಗೆ ಹಾಕಿಕೊಳ್ಳಿ, ಚೆನ್ನಾಗಿರುತ್ತದೆ.

ಪ್ರಶ್ನೆ: ಮಗಳು ತೋಡಿ ಹಾಡಿದರೆ ಆ್ಯಪ್ ಶ್ರುತಿಗೆ ನೂರಕ್ಕೆ ನಲವತ್ತು ಕೊಡುತ್ತದೆ. ಏನು ಮಾಡಲಿ?

ತೋಡಿಯ ಗಾಂಧಾರ ಕಂಪಿಸಲೇಬೇಕು, ಆ್ಯಪ್‌ಗೆ ಅದು ತೂರಾಡಿದ ಹಾಗೆ ಕಾಣುತ್ತದೆ. ಗಮಕ ಬಿಟ್ಟು ಚಪ್ಪಟೆಯಾಗಿ ಹಾಡಿದರೆ ಅದೇ ಆ್ಯಪ್ ತೊಂಬತ್ತು ಕೊಟ್ಟೀತು. ನಲವತ್ತು ಬರುತ್ತಿದೆ ಅಂದರೆ ಅವರ ಟೀಚರ್ ಸರಿಯಾಗಿ ಹೇಳಿಕೊಟ್ಟಿರಬೇಕು, ಫೋನ್ ಆಚೆ ಇಟ್ಟು ಅವರನ್ನೇ ಕೇಳಿ.