ಮಕ್ಕಳ ಪುಸ್ತಕ ಬರೆಯುವವರ ದಿನಚರಿ ಹೇಗಿರುತ್ತದೆ? ಕಥೆಗಳು ಅವರಿಗೆ ಹೇಗೆ ಹೊಳೆಯುತ್ತವೆ? ಇಡೀ ದಿನದ ನೌಕರಿ ಇರುವವರೂ ಬರೆಯಬಹುದೇ?

ನಿಮ್ಮ ಪ್ರಶ್ನೆಯಲ್ಲಿ ಮೂರು ಪ್ರಶ್ನೆಗಳಿವೆ: ಮಕ್ಕಳಿಗಾಗಿ ಬರೆಯುವವರು ದಿನವೂ ಗೊತ್ತಾದ ಹೊತ್ತಿಗೆ ಕುಳಿತು ಬರೆಯುತ್ತಾರೆಯೇ, ಕಥೆಗಳು ಅವರಿಗೆ ಹೊಳೆಯುವುದು ಹೇಗೆ, ಮತ್ತು ಇಡೀ ದಿನದ ನೌಕರಿ ಇರುವವರು ಈ ಕೆಲಸಕ್ಕೆ ಕೈಹಾಕಬಹುದೇ. ಹಲವು ವರ್ಷಗಳಿಂದ ಚಿತ್ರಪುಸ್ತಕಗಳನ್ನೂ, ಆಗಷ್ಟೇ ಓದಲು ಕಲಿಯುತ್ತಿರುವ ಮಕ್ಕಳ ಪುಸ್ತಕಗಳನ್ನೂ ಬರೆಯುತ್ತ ಬಂದ ಅನುಭವದ ಮೇಲೆ ಉತ್ತರಿಸುತ್ತಿದ್ದೇನೆ. ಕಥೆ ಹೊಳೆಯುವುದು ಈ ಕೆಲಸದ ತೀರ ಚಿಕ್ಕ ಭಾಗವೆಂದು ಮೊದಲೇ ಹೇಳಿಬಿಡುತ್ತೇನೆ. ದಿನದ ಹೆಚ್ಚಿನ ಹೊತ್ತು ಹೋಗುವುದು ಬರೆದದ್ದನ್ನು ಗಟ್ಟಿಯಾಗಿ ಓದಿ, ಕಿವಿಗೆ ಒಪ್ಪದ್ದನ್ನು ಹೊಡೆದುಹಾಕುವುದರಲ್ಲಿ.

ವೇಳಾಪಟ್ಟಿಯ ವಿಷಯದಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ಇಂಗ್ಲಿಷಿನ ಮಕ್ಕಳ ಲೇಖಕ ರೋಲ್ಡ್ ಡಾಲ್ ತಮ್ಮ ತೋಟದಲ್ಲಿದ್ದ ಪುಟ್ಟ ಕೋಣೆಯೊಂದರಲ್ಲಿ ಹಳೆಯ ಆರಾಮಕುರ್ಚಿಯ ಕೈಗಳ ಮೇಲೆ ಹಲಗೆಯನ್ನು ಅಡ್ಡಲಾಗಿಟ್ಟುಕೊಂಡು, ಹಳದಿ ಹಾಳೆಗಳ ಮೇಲೆ ಪೆನ್ಸಿಲಿನಿಂದಲೇ ಬರೆಯುತ್ತಿದ್ದರು. ಬೆಳಿಗ್ಗೆ ಸುಮಾರು ಎರಡು ತಾಸು, ಸಂಜೆಯ ಹೊತ್ತಿಗೆ ಮತ್ತೆರಡು ತಾಸು. ಸ್ವೀಡನ್ನಿನ ಆಸ್ಟ್ರಿಡ್ ಲಿಂಡ್‌ಗ್ರೆನ್ ಬೆಳಗಿನ ಹೊತ್ತು ಹಾಸಿಗೆಯಲ್ಲಿದ್ದುಕೊಂಡೇ ಶೀಘ್ರಲಿಪಿಯಲ್ಲಿ ಕರಡು ಬರೆದು, ಮಧ್ಯಾಹ್ನ ಪ್ರಕಾಶನ ಸಂಸ್ಥೆಯಲ್ಲಿ ಮಕ್ಕಳ ಪುಸ್ತಕಗಳ ಸಂಪಾದಕಿಯಾಗಿ ದುಡಿಯುತ್ತಿದ್ದರು. 1946ರಿಂದ 1970ರವರೆಗೆ ಅವರು ಆ ನೌಕರಿಯಲ್ಲಿದ್ದರು ಎಂಬುದು ನಿಮ್ಮ ಮೂರನೆಯ ಪ್ರಶ್ನೆಗೆ ಅರ್ಧ ಉತ್ತರವಾಗಬಹುದು. ಇವರಿಬ್ಬರ ರೂಢಿಗಳಲ್ಲಿ ನನಗೆ ಕಾಣುವ ಹೋಲಿಕೆ ಎರಡೇ. ಒಂದು, ಜಾಗವೂ ಸಾಮಗ್ರಿಯೂ ಬದಲಾಗದಿರುವುದರಿಂದ ಎಲ್ಲಿ ಕೂರಲಿ, ಯಾವುದರಲ್ಲಿ ಬರೆಯಲಿ ಎಂದು ದಿನವೂ ಹೊಸದಾಗಿ ಯೋಚಿಸುವ ಕಷ್ಟವಿಲ್ಲ. ಇನ್ನೊಂದು, ಬರೆಯುವ ಅವಧಿ ಚಿಕ್ಕದು. ಮಕ್ಕಳ ಬರಹದಲ್ಲಿ ಒಂದೊಂದು ಅಕ್ಷರಕ್ಕೂ ಕಿವಿಗೊಡಬೇಕಾಗುವುದರಿಂದ ಎರಡು ತಾಸು ಕಳೆಯುವಷ್ಟರಲ್ಲಿ ಕಿವಿ ಮಂದವಾಗುತ್ತದೆ, ಕೆಟ್ಟ ಸಾಲೂ ಚೆನ್ನಾಗಿಯೇ ಕೇಳಿಸತೊಡಗುತ್ತದೆ. ನಾನೂ ಬೆಳಗಿನ ಹೊತ್ತೇ ಬರೆಯುತ್ತೇನೆ; ಸಂಜೆ ಬರೆಯುವುದಿಲ್ಲ, ಬರೆದದ್ದನ್ನು ಓದುತ್ತೇನೆ.

ಇನ್ನು ಕಥೆ ಹೊಳೆಯುವ ವಿಚಾರ. ಮೊದಲು ಹೊಳೆದ ರೂಪದಲ್ಲಿಯೇ ಪುಸ್ತಕ ಹೊರಬರುವುದು ಅಪರೂಪ ಎಂಬುದು ಹೊರಗಿನವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಎರಿಕ್ ಕಾರ್ಲ್ ಅವರು ಕಾಗದಕ್ಕೆ ತೂತು ಹೊಡೆಯುವ ಪಂಚಿಂಗ್ ಯಂತ್ರದೊಂದಿಗೆ ಆಡುತ್ತಿದ್ದಾಗ ಪುಸ್ತಕದ ಹುಳುವೊಂದರ ಕಥೆ ಹೊಳೆಯಿತು. ಆ ಹುಳು ಸಪ್ಪೆಯೆನಿಸಿದ್ದರಿಂದ ಸಂಪಾದಕಿ ಕಂಬಳಿಹುಳುವನ್ನು ಸೂಚಿಸಿದರು, ಕಂಬಳಿಹುಳು ಬಂದೊಡನೆ ಕೊನೆಯ ಪುಟದ ಚಿಟ್ಟೆ ತಾನಾಗಿ ಬಂದಿತು. 1969ರಲ್ಲಿ ಪ್ರಕಟವಾದ ಆ ಪುಸ್ತಕ ಇಂದಿಗೂ ಅಚ್ಚಿನಲ್ಲಿದೆ. ಮಾರಿಸ್ ಸೆಂಡಕ್ ಅವರ 1963ರ ಪ್ರಸಿದ್ಧ ಚಿತ್ರಪುಸ್ತಕ ಮೊದಲು ಕಾಡುಕುದುರೆಗಳ ಕಥೆಯಾಗಿತ್ತು. ಕುದುರೆಗಳನ್ನು ಚೆನ್ನಾಗಿ ಬಿಡಿಸಲು ತಮಗೆ ಬಾರದೆಂದು ಮನಗಂಡು ಅವರು ಅವುಗಳ ಜಾಗದಲ್ಲಿ ವಿಚಿತ್ರ ಪ್ರಾಣಿಗಳನ್ನು ತಂದರು, ಮತ್ತು ಆ ಪ್ರಾಣಿಗಳ ಮುಖಕ್ಕೆ ತಮ್ಮ ಬಾಲ್ಯದಲ್ಲಿ ಮನೆಗೆ ಬರುತ್ತಿದ್ದ ನೆಂಟರೇ ಮಾದರಿಯಾದರು. ಹೀಗಾಗಿ ನನಗೆ ಮೊದಲ ಹೊಳಹಿನ ಮೇಲೆ ವಿಶೇಷ ಗೌರವವಿಲ್ಲ. ಅದನ್ನು ಬರೆದಿಟ್ಟುಕೊಳ್ಳುತ್ತೇನೆ, ಅಷ್ಟೆ.

ಆದರೆ ಯಾರಿಗೆ ಹೇಳುತ್ತಿದ್ದೇನೆ ಎಂಬುದು ಮಾತ್ರ ಮೊದಲ ದಿನದಿಂದಲೇ ಸ್ಪಷ್ಟವಾಗಿರಬೇಕು. ಬಿಯಾಟ್ರಿಕ್ಸ್ ಪಾಟರ್ ತಮ್ಮ ಮೊಲದ ಕಥೆಯನ್ನು ಬರೆದದ್ದು ಪುಸ್ತಕಕ್ಕಾಗಿ ಅಲ್ಲ. 1893ರಲ್ಲಿ ಕಾಯಿಲೆ ಬಿದ್ದಿದ್ದ ಐದು ವರ್ಷದ ಹುಡುಗನೊಬ್ಬನಿಗೆ ಚಿತ್ರಗಳ ಸಮೇತ ಬರೆದ ಪತ್ರ ಅದು. ವರ್ಷಗಳು ಕಳೆದ ಮೇಲೆ ಅವರು ಆ ಪತ್ರವನ್ನು ಕೇಳಿ ಪಡೆದು ಕಥೆಯನ್ನು ಬೆಳೆಸಿದರು, ಹಲವು ಪ್ರಕಾಶಕರು ಬೇಡವೆಂದ ಬಳಿಕ 1901ರಲ್ಲಿ ಸ್ವಂತ ಖರ್ಚಿನಲ್ಲಿ 250 ಪ್ರತಿಗಳನ್ನು ಅಚ್ಚುಹಾಕಿಸಿದರು, ಮರುವರ್ಷ ಪ್ರಕಾಶಕರೊಬ್ಬರು ಅದನ್ನು ಕೈಗೆತ್ತಿಕೊಂಡರು. ಲಿಂಡ್‌ಗ್ರೆನ್ ಅವರ ಅತ್ಯಂತ ಹೆಸರಾದ ಪಾತ್ರವೂ 1941ರಲ್ಲಿ ಕಾಯಿಲೆಯಿಂದ ಮಲಗಿದ್ದ ಮಗಳಿಗೆ ಹೇಳಿದ ಬಾಯಿಮಾತಿನ ಕಥೆಯಾಗಿತ್ತು. 1944ರಲ್ಲಿ ಅವರೇ ಜಾರಿ ಬಿದ್ದು ಕಾಲು ಉಳುಕಿಸಿಕೊಂಡು ಮನೆಯಲ್ಲಿ ಕೂರಬೇಕಾಗಿ ಬಂದಾಗ ಅದು ಕಾಗದಕ್ಕೆ ಇಳಿಯಿತು. ಎದುರಿಗಿರುವ ಒಂದು ಮಗುವಿಗೆ ಹೇಳುವಾಗ ನಾವು ಉಪದೇಶಕ್ಕೆ ಇಳಿಯುವುದಿಲ್ಲ, ಏಕೆಂದರೆ ಆ ಮಗು ಎದ್ದು ಹೋಗುತ್ತದೆ. ‘ಎಲ್ಲ ಮಕ್ಕಳಿಗಾಗಿ’ ಎಂದುಕೊಂಡು ಬರೆಯಲು ಕುಳಿತವರ ಕೈಯಿಂದಲೇ ನೀತಿಪಾಠಗಳು ಹೆಚ್ಚಾಗಿ ಹೊರಬರುತ್ತವೆ ಎಂಬುದು ನನ್ನ ಅನಿಸಿಕೆ.

ನನ್ನ ಟಿಪ್ಪಣಿಪುಸ್ತಕದಲ್ಲಿ ಕಥೆಗಳಿಗಿಂತ ಮಕ್ಕಳು ಕೇಳಿದ ಪ್ರಶ್ನೆಗಳೇ ಹೆಚ್ಚು. ‘ಇರುವೆಗೆ ನೆರಳು ಇರುತ್ತದೆಯೇ?’ ಎಂಬಂಥ ಪ್ರಶ್ನೆಯಲ್ಲಿ ಪಾತ್ರವೂ ಇದೆ, ಹುಡುಕಾಟವೂ ಇದೆ, ಚಿತ್ರವೂ ಇದೆ. ಆದರೂ ಅವುಗಳಲ್ಲಿ ಬಹುಪಾಲು ಅಲ್ಲಿಯೇ ಉಳಿಯುತ್ತವೆ.

ಚಿತ್ರಪುಸ್ತಕವಾದರೆ ಮುಂದಿನ ಕೆಲಸ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ, ಮಾಡುವುದು. ಅಚ್ಚಿನ ದೊಡ್ಡ ಹಾಳೆಯನ್ನು ಮಡಿಸಿ ಕತ್ತರಿಸಿದಾಗ ಪುಟಗಳು 8 ಅಥವಾ 16ರ ಕಂತೆಗಳಾಗಿ ಬರುವುದರಿಂದ ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟಗಳಲ್ಲಿರುತ್ತವೆ. ಶೀರ್ಷಿಕೆಪುಟ, ಹಕ್ಕುಪುಟ ಇತ್ಯಾದಿ ಕಳೆದರೆ ಕಥೆಗೆ ಸಿಗುವುದು ಹನ್ನೆರಡರಿಂದ ಹದಿನಾಲ್ಕು ಜೋಡಿಪುಟಗಳು. ಖಾಲಿ ಹಾಳೆಗಳನ್ನು ಮಡಿಸಿ ಹೊಲಿದು, ಬರೆದ ಸಾಲುಗಳನ್ನು ಕತ್ತರಿಸಿ ಆಯಾ ಪುಟಕ್ಕೆ ಅಂಟಿಸಿದಾಗ ಕಥೆಯ ಕುಂಟುತನವೆಲ್ಲ ಕಣ್ಣಿಗೆ ಬೀಳುತ್ತದೆ: ಆರು ಪುಟಗಳವರೆಗೆ ಏನೂ ನಡೆದಿಲ್ಲ, ಕೊನೆಯ ಎರಡು ಪುಟಗಳಲ್ಲಿ ಎಲ್ಲವೂ ಒಟ್ಟಿಗೆ ನಡೆದುಹೋಗಿದೆ. ಪುಟ ತಿರುವುವುದೂ ಕಥೆಯ ಭಾಗವೇ. ಬಲಬದಿಯ ಪುಟದ ಕೊನೆಗೆ ‘ಪೆಟ್ಟಿಗೆ ಅಲುಗಾಡಿತು. ಒಳಗೆ ಯಾರು?’ ಎಂದು ನಿಲ್ಲಿಸಿದರೆ ಉತ್ತರ ತಿರುವಿದ ಮೇಲೆಯೇ ಕಾಣಬೇಕು. ಎರಡೂ ಎದುರುಬದುರು ಪುಟಗಳಲ್ಲಿ ಬಿದ್ದರೆ ಮಗುವಿನ ಕಣ್ಣು ಪ್ರಶ್ನೆಗಿಂತ ಮೊದಲೇ ಉತ್ತರವನ್ನು ನೋಡಿಬಿಟ್ಟಿರುತ್ತದೆ. ಈ ಒಂದು ಕಾರಣಕ್ಕಾಗಿಯೇ ನಾನು ಇಡೀ ಕಥೆಯನ್ನು ಒಂದು ಪುಟ ಹಿಂದಕ್ಕೋ ಮುಂದಕ್ಕೋ ಸರಿಸಲು ದಿನಗಟ್ಟಲೆ ಒದ್ದಾಡಿದ್ದುಂಟು.

ಆಮೇಲೆ ಬರುವುದು ಹೊಡೆದುಹಾಕುವ ಕೆಲಸ. ಕರಡಿನಲ್ಲಿ ‘ಧಾರಾಕಾರ ಮಳೆಯಲ್ಲಿ, ನೀಲಿ ಅಂಗಿ ತೊಟ್ಟ ಪುಟ್ಟ ಹುಡುಗ, ಮುರಿದ ಗಾಳಿಪಟವನ್ನು ಎದೆಗವಚಿಕೊಂಡು, ತುಂಬ ಬೇಸರದಿಂದ ಮನೆಯ ಕಡೆಗೆ ನಡೆದನು’ ಎಂದಿದೆ ಎಂದುಕೊಳ್ಳಿ. ಮಳೆ, ಅಂಗಿಯ ಬಣ್ಣ, ಗಾಳಿಪಟ, ಹುಡುಗನ ಮುಖಭಾವ ಇವನ್ನೆಲ್ಲ ಕಲಾವಿದರು ಬಿಡಿಸುತ್ತಾರೆ. ಚಿತ್ರ ಹೇಳಲಾಗದ್ದು ಏನು ಎಂದು ಕೇಳಿಕೊಂಡರೆ ಉಳಿಯುವ ಸಾಲು ‘ಮನೆ ಇವತ್ತು ದೂರವಾಗಿತ್ತು’ ಎಂಬಷ್ಟು ಚಿಕ್ಕದಾಗುತ್ತದೆ. ಹೊಸಬರಿಗೆ ಇದು ನೋವಿನ ಕೆಲಸ, ಏಕೆಂದರೆ ಹೊಡೆದುಹಾಕಬೇಕಾದ ವರ್ಣನೆಯೇ ಅವರಿಗೆ ತಮ್ಮ ಅತ್ಯುತ್ತಮ ಬರವಣಿಗೆಯಾಗಿ ಕಂಡಿರುತ್ತದೆ.

ಗಟ್ಟಿಯಾಗಿ ಓದುವ ರೂಢಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಚಿಕ್ಕ ಮಕ್ಕಳ ಪುಸ್ತಕವನ್ನು ಓದುವವರು ದೊಡ್ಡವರು, ಅದೂ ದಿನದ ಕೊನೆಯಲ್ಲಿ, ದಣಿದು, ಅದೇ ಪುಸ್ತಕವನ್ನು ನಲವತ್ತನೆಯ ಸಲ. ಆ ನಾಲಗೆ ತಡವರಿಸಬಾರದು. ಅದಕ್ಕಾಗಿ ನಾನು ಬರೆದದ್ದನ್ನು ನಾನೇ ಓದಿದರೆ ಸಾಲದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ನನಗೆ ಗೊತ್ತಿರುತ್ತದೆ. ಹಸ್ತಪ್ರತಿಯನ್ನು ಮೊದಲು ನೋಡದ ಒಬ್ಬರ ಕೈಗೆ ಕೊಟ್ಟು, ನಾನು ಬಾಯಿ ಮುಚ್ಚಿಕೊಂಡು, ಅವರು ಎಡವಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳುತ್ತೇನೆ. ವಾಕ್ಯ ಚಿಕ್ಕದಾದಷ್ಟೂ ಮಗುವಿಗೆ ಸುಲಭ ಎಂಬ ನಂಬಿಕೆ ಕನ್ನಡದ ಮಟ್ಟಿಗೆ ಅರ್ಧಸತ್ಯ ಎಂಬುದು ಹೀಗೆ ಕೇಳಿ ಕೇಳಿಯೇ ನನಗೆ ಅರಿವಾದದ್ದು. ‘ಕೋತಿ ಮರ ಹತ್ತಿ, ಕೊಂಬೆ ಹಿಡಿದು, ಜೋತಾಡಿ, ಕೈ ಜಾರಿ, ಎಲೆಗಳ ಗುಡ್ಡೆಯ ಮೇಲೆ ಧೊಪ್ಪನೆ ಬಿತ್ತು’ ಎಂಬುದು ಉದ್ದ ವಾಕ್ಯವೇ. ಆದರೂ ಒಂದೊಂದು ಹೆಜ್ಜೆಗೂ ಏನೋ ಒಂದು ನಡೆದುಹೋಗುವುದರಿಂದ ಮಗು ದಾರಿ ತಪ್ಪುವುದಿಲ್ಲ. ‘ನಿನ್ನೆ ಜೋತಾಡಿದ ಕೊಂಬೆಯಿಂದ ಜಾರಿದ ಕೋತಿ ಬಿದ್ದ ಗುಡ್ಡೆ ಎಲೆಗಳದ್ದು’ ಎಂಬುದು ಅದಕ್ಕಿಂತ ಚಿಕ್ಕದು, ಆದರೆ ಮಗುವಿನ ಪಾಲಿಗೆ ಕಗ್ಗಂಟು. ವಾಕ್ಯದ ಉದ್ದಕ್ಕಿಂತ ಕ್ರಿಯೆಗಳ ಸರಣಿಯನ್ನು ನೋಡಿಕೊಳ್ಳುವುದು ಮುಖ್ಯ.

ಆರಂಭಿಕ ಓದುಗರ ಪುಸ್ತಕಗಳಲ್ಲಿ ಕಟ್ಟುಪಾಡು ಇನ್ನೂ ಬಿಗಿ. ಡಾ. ಸ್ಯೂಸ್ ಎಂದು ಹೆಸರಾದ ಲೇಖಕರು 1957ರಲ್ಲಿ ಕೇವಲ 236 ಬೇರೆಬೇರೆ ಪದಗಳಿಂದ ಒಂದು ಪುಸ್ತಕ ಮಾಡಿದರು, 1960ರಲ್ಲಿ ತಮ್ಮ ಪ್ರಕಾಶಕರೊಂದಿಗೆ ಪಂಥ ಕಟ್ಟಿ ಬರೀ 50 ಪದಗಳಲ್ಲಿ ಇನ್ನೊಂದನ್ನು ಮುಗಿಸಿದರು. ನಮ್ಮ ಲಿಪಿಯಲ್ಲಿ ಕಟ್ಟುಪಾಡು ಪದಗಳ ಎಣಿಕೆಗಿಂತ ಒತ್ತಕ್ಷರದ್ದು. ಕಾಗುಣಿತ ಮುಗಿಸಿ ಒತ್ತಕ್ಷರ ಇನ್ನೂ ಕಲಿಯದ ಮಗುವಿಗಾಗಿ ಬರೆಯಲು ಕುಳಿತರೆ ಅಮ್ಮ, ಅಪ್ಪ, ಅಣ್ಣ, ಅಕ್ಕ, ಅಜ್ಜ, ಅಜ್ಜಿ ಎಲ್ಲರೂ ಕಥೆಯಿಂದ ಹೊರಗೆ ಹೋಗುತ್ತಾರೆ. ತಂಗಿಯೂ ಮಾವನೂ ಉಳಿಯುತ್ತಾರೆ. ಬೆಕ್ಕು, ಹಕ್ಕಿ, ಕಪ್ಪೆ, ಕತ್ತೆಗಳಿಗೆ ಪ್ರವೇಶವಿಲ್ಲ. ಆನೆ, ಇಲಿ, ಮೊಲ, ನರಿ, ಆಮೆ, ಗಿಳಿಗಳಿಗೆ ಅಡ್ಡಿಯಿಲ್ಲ. ‘ಓಡುತ್ತದೆ’ ಎನ್ನುವಂತಿಲ್ಲ, ‘ಓಡಿತು’ ಎನ್ನಬಹುದು. ಹೀಗಾಗಿ ಕಥೆ ಭೂತಕಾಲದಲ್ಲಿಯೇ ನಡೆಯಬೇಕು. ಆನೆ ತನ್ನ ಮರಿಯನ್ನು ಹುಡುಕುತ್ತಿದ್ದರೂ ‘ಎಲ್ಲಿ?’ ಎಂದು ಕೇಳುವಂತಿಲ್ಲ, ‘ಯಾವ ಕಡೆ?’ ಎಂದು ಕೇಳಬೇಕು. ಎಲ್ಲಕ್ಕಿಂತ ಕಷ್ಟವಾಗುವುದು ‘ಇಲ್ಲ’ ಎನ್ನಲಾಗದಿರುವುದು. ಆಗ ಹಳೆಯ ನಿಷೇಧರೂಪ ಕೈಹಿಡಿಯುತ್ತದೆ: ‘ಆನೆ ಬಂತು. ಜಾಗ ಕೊಡು ಎಂದಿತು. ಇಲಿ ಕದಲದು.’ ಆ ‘ಕದಲದು’ ನನ್ನ ಕಿವಿಗೆ ‘ಕದಲಲಿಲ್ಲ’ ಎಂಬುದಕ್ಕಿಂತ ಗಟ್ಟಿಯಾಗಿ, ಇಲಿಯ ಹಟಕ್ಕೆ ತಕ್ಕಂತೆ ಕೇಳಿಸುತ್ತದೆ. ಕಟ್ಟುಪಾಡು ಕಲ್ಪನೆಗೆ ಅಡ್ಡಿ ಎನ್ನುವವರು ಇಂಥದ್ದೊಂದು ಪುಸ್ತಕವನ್ನು ಬರೆದು ನೋಡಬೇಕು.

ಮಕ್ಕಳ ಮುಂದೆ ಓದಿ ನೋಡುವುದೂ ನನ್ನ ರೂಢಿಯೇ, ಆದರೆ ಕೊನೆಗೆ ‘ಹೇಗಿತ್ತು?’ ಎಂದು ಕೇಳುವುದಿಲ್ಲ. ಮಕ್ಕಳು ‘ಚೆನ್ನಾಗಿತ್ತು’ ಎಂದುಬಿಡುತ್ತಾರೆ, ಅವರೂ ದಾಕ್ಷಿಣ್ಯಸ್ಥರು. ಓದುತ್ತಿರುವಾಗ ಯಾವ ಸಾಲಿನಲ್ಲಿ ಕಣ್ಣು ಕಿಟಕಿಯ ಕಡೆ ಹೋಯಿತು, ಯಾವ ಪುಟವನ್ನು ತಾವಾಗಿಯೇ ಹಿಂದಕ್ಕೆ ತಿರುವಿದರು, ಎರಡನೆಯ ಸಲ ಓದುವಾಗ ಯಾವ ಮಾತನ್ನು ನನಗಿಂತ ಮೊದಲೇ ಹೇಳಿದರು ಎಂಬುದನ್ನು ಗಮನಿಸಿದರೆ ಸಾಕು.

ನೌಕರಿಯ ವಿಷಯಕ್ಕೆ ಬಂದರೆ, ಸಾಧ್ಯವಿದೆ, ಮತ್ತು ಮಕ್ಕಳಿಗಾಗಿ ಬರೆಯುವ ಹಲವರಿಗೆ ಬೇರೊಂದು ದುಡಿಮೆ ಇರುತ್ತದೆ. ಕಾದಂಬರಿಯಂತೆ ಗಂಟೆಗಟ್ಟಲೆ ಮೇಜಿನ ಮುಂದೆ ಕೂರಲೇಬೇಕಾದ ಕೆಲಸವಲ್ಲ ಇದು. ಕಥೆಯ ಸಾಲುಗಳು ಬಾಯಿಪಾಠವಾಗುವಷ್ಟು ಕಡಿಮೆ ಇರುವುದರಿಂದ ನಡೆಯುವಾಗ, ಬಸ್ಸಿನಲ್ಲಿ ಕುಳಿತಾಗ, ಪಾತ್ರೆ ತೊಳೆಯುವಾಗ ಅವನ್ನು ಮನಸ್ಸಿನಲ್ಲಿಯೇ ತಿದ್ದಬಹುದು. ರಾತ್ರಿ ಸಿಗುವ ಒಂದು ತಾಸನ್ನು ಹೊಸದನ್ನು ಬರೆಯಲು ಬಳಸದೆ, ಹಗಲಿನಲ್ಲಿ ತಿದ್ದಿಕೊಂಡದ್ದನ್ನು ಹಾಳೆಗೆ ಇಳಿಸಿ ಗಟ್ಟಿಯಾಗಿ ಓದಲು ಬಳಸಿಕೊಳ್ಳಿ ಎಂಬುದು ನನ್ನ ಸಲಹೆ. ಮುಗಿಯಿತೆಂದು ತೋರಿದ ಕಥೆಯನ್ನು, ಅದರ ಸಾಲುಗಳು ನಿಮಗೆ ಮರೆತುಹೋಗುವವರೆಗೆ ಎತ್ತಿಟ್ಟು ಮತ್ತೆ ಓದಿ.

ಪ್ರಕಾಶಕರಿಗೆ ಕಳುಹಿಸುವ ಮುನ್ನ ನೀವೇ ಹಣ ಕೊಟ್ಟು ಚಿತ್ರ ಬರೆಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಕಲಾವಿದರನ್ನು ಹೆಚ್ಚಾಗಿ ಪ್ರಕಾಶಕರೇ ಆರಿಸುತ್ತಾರೆ. ಪುಟಗಳ ಅಂಚಿನಲ್ಲಿ ‘ಇಲ್ಲಿ ಹುಡುಗಿಗೆ ಎರಡು ಜಡೆ ಇರಲಿ, ಗೋಡೆ ಹಸಿರಾಗಿರಲಿ’ ಎಂಬಂಥ ಸೂಚನೆಗಳನ್ನು ಬರೆಯಬೇಡಿ. ಮಾತಿನಲ್ಲಿ ಒಂದು, ಚಿತ್ರದಲ್ಲಿ ಅದಕ್ಕೆ ವಿರುದ್ಧವಾದದ್ದು ಇದ್ದರೇನೇ ಕಥೆ ಅರ್ಥವಾಗುವುದು ಎಂಬಂಥ ಕಡೆ ಮಾತ್ರ, ಉದಾಹರಣೆಗೆ ‘ನಾನೇನೂ ಮುಟ್ಟಿಲ್ಲ’ ಎನ್ನುವ ಮರಿಕರಡಿಯ ಮೂತಿಗೆಲ್ಲ ಜೇನು ಮೆತ್ತಿಕೊಂಡಿರಬೇಕಾದಲ್ಲಿ, ಒಂದು ಸಾಲಿನ ಟಿಪ್ಪಣಿ ಕೊಟ್ಟರೆ ಸಾಕು.